ಜೂನ್ 1ರಿಂದ ಮಿಕ್ಸಿಂಗ್ ಹೆಡ್‌ಫೋನ್‌ನಲ್ಲಿ, ಹಾಗಾಗಿ ಒಂದು ದಿನ ಜಾಸ್ತಿ

ಎಲ್ಲರಿಗೂ ನಮಸ್ಕಾರ,

ಭಜನಾ ಮಂಡಳಿಯವರು, ತಾಳಮದ್ದಳೆ ರೆಕಾರ್ಡ್ ಮಾಡ್ಸಿದವರು, ತುಳು ಆಲ್ಬಂನ ಹುಡುಗರು, ಚರ್ಚಿನ ಕ್ವಾಯರಿನವರು, ಎಲ್ಲರಿಗೂ ಒಟ್ಟಿಗೇ ಬರೀತಾ ಇದ್ದೇವೆ, ಫೋನಲ್ಲಿ ಒಬ್ಬೊಬ್ಬರಿಗೆ ಹೇಳಿ ಹೇಳಿ ಗಂಟಲು ಹೋಯ್ತು. ವಿಷಯ ಇಷ್ಟೇ, ಬಿಜೈಯಲ್ಲಿದ್ದ ಮಿಕ್ಸಿಂಗ್ ರೂಮ್ (ರೆಕಾರ್ಡ್ ಆದ ಸ್ವರ, ವಾದ್ಯ ಎಲ್ಲ ಹದವಾಗಿ ಸೇರಿಸುವ ಜಾಗ) ಬಿಟ್ಟುಕೊಟ್ಟೆವು. ರೆಕಾರ್ಡಿಂಗ್ ಜಾಗ ಮೊದಲಿನದ್ದೇ, ಅದಕ್ಕೆ ಎಂತ ಆಗ್ಲಿಲ್ಲ. ಮಿಕ್ಸಿಂಗ್ ಮಾತ್ರ ಇನ್ನು ಹೆಡ್‌ಫೋನ್‌ನಲ್ಲಿ. ಮೂರು ದಿನದಲ್ಲಿ ಕೊಡ್ತಿದ್ದದ್ದು ನಾಲ್ಕು ದಿನ ಆಗ್ತದೆ. ರೇಟು ಅದೇ.

"ಹೆಡ್‌ಫೋನ್ ಹಾಕಿ ಮಾಡ್ಲಿಕ್ಕೆ ಸ್ಟುಡಿಯೋ ಯಾಕೆ ಮಾರಾಯ್ರೆ, ನನ್ನ ಮಗ ಮನೆಯಲ್ಲೇ ಮಾಡ್ತಾನೆ" ಅಂತ ಒಬ್ರು ಕೇಳಿಯೇ ಬಿಟ್ರು. ಕೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ ಆ ರೂಮಿನ ಕಥೆ ನಿಮಗೆ ಗೊತ್ತಿಲ್ಲ. ಮೇಲೆ ಶೀಟು, ಮಳೆ ಜೋರಾಯ್ತು ಅಂದ್ರೆ ಸ್ಪೀಕರ್ ಹಾಕಿದ್ದು ನಮಗೇ ಕೇಳ್ತಿರಲಿಲ್ಲ, ಜೂನಿಂದ ಸೆಪ್ಟೆಂಬರ್ ತನಕ ಅರ್ಧ ದಿನ ಮಳೆ ನಿಲ್ಲುವುದನ್ನೇ ಕಾಯುವುದು. ಅದು ಹೋಗ್ಲಿ, ರೂಮ್ 10 ಅಡಿಗೆ 10 ಅಡಿ. ಎರಡೂ ಕಡೆ ಅಷ್ಟೇ ಅಂತರ ಇರುವಾಗ 56 ಹರ್ಟ್ಸ್ ಸುತ್ತಮುತ್ತದ ಬಾಸ್ ಗೋಡೆಯಿಂದ ಗೋಡೆಗೆ ಬಡಿದು ಒಂದರ ಮೇಲೊಂದು ಸೇರಿಕೊಳ್ತದೆ. ಗೋಡೆ ಹತ್ರ ಕೂತ್ರೆ ಗುಂಯ್ ಅಂತ ಉಂಟು, ಕುರ್ಚಿ ನಡುವಿಗೆ ಎಳೆದ್ರೆ ಅದೇ ಬಾಸ್ ಮಾಯ! ಅಂದ್ರೆ ಸ್ಪೀಕರ್ ಒಳ್ಳೇದಿತ್ತು, ರೂಮ್ ಸುಳ್ಳು ಹೇಳ್ತಿತ್ತು. ಹೆಡ್‌ಫೋನ್‌ಗೆ ರೂಮೇ ಇಲ್ಲ, ಆ ಒಂದು ತಲೆಬಿಸಿ ಇಲ್ಲ.

ಅದರದ್ದು ಬೇರೆ ತಲೆಬಿಸಿ ಉಂಟು ಮಾತ್ರ, ಅದಕ್ಕೇ ಆ ಜಾಸ್ತಿ ಒಂದು ದಿನ. ಕಳೆದ ವರ್ಷ ಒಂದು ಭಜನೆಯ ಕೆಲಸ, ಮರುದಿನ ಮಂದಿರದಲ್ಲಿ ಹಾಕ್ಬೇಕು ಅಂತ ಅರ್ಜೆಂಟ್. ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿ ಮುಗಿಸಿ ಕಳ್ಸಿದ್ದು. ಹಾರ್ಮೋನಿಯಂಗೆ ಎರಡು ಮೈಕ್ ಇಟ್ಟಿದ್ದೆವು, ಒಂದು ಎಡಕ್ಕೆ ಒಂದು ಬಲಕ್ಕೆ, ಹೆಡ್‌ಫೋನ್‌ನಲ್ಲಿ ಎಷ್ಟು ಅಗಲ ಕೇಳ್ತಿತ್ತು ಅಂದ್ರೆ ನಾವೇ ಖುಷಿಪಟ್ಟಿದ್ದೇವೆ. ಬೆಳಿಗ್ಗೆ ಮಂದಿರದಿಂದ ಫೋನ್, "ತಬಲಾ ಉಂಟು, ತಾಳ ಉಂಟು, ಹಾಡುವವರೂ ಇದ್ದಾರೆ, ಹಾರ್ಮೋನಿಯಂ ಎಲ್ಲಿ ಹೋಯ್ತು?" ನೋಡಿದ್ರೆ ಒಂದು ಮೈಕಿನ ಕೇಬಲ್‌ನಲ್ಲಿ ವೈರ್ ಉಲ್ಟಾ ಬೆಸುಗೆ ಆಗಿತ್ತು. ಎಡದ್ದು ಮುಂದೆ ತಳ್ಳುವಾಗ ಬಲದ್ದು ಹಿಂದೆ ಎಳೀತದೆ, ಮಂದಿರದ ಆಂಪ್ಲಿಫೈಯರ್ ಎರಡನ್ನೂ ಕೂಡಿಸಿ ಮೋನೋ ಮಾಡಿತು, ಒಂದನ್ನೊಂದು ತಿಂದು ಹಾಕಿದ್ವು. ಹೆಡ್‌ಫೋನ್‌ನಲ್ಲಿ ಎಡದ್ದು ಎಡ ಕಿವಿಗೆ, ಬಲದ್ದು ಬಲ ಕಿವಿಗೆ, ಎರಡೂ ಎಲ್ಲಿಯೂ ಸೇರುವುದೇ ಇಲ್ಲ. ಅದೇ ಸ್ಪೀಕರ್ ಆಗಿದ್ರೆ ಟೊಳ್ಳು ಟೊಳ್ಳು ಅಂತ ಆಗಲೇ ಗೊತ್ತಾಗ್ತಿತ್ತು. ಪುಣ್ಯಕ್ಕೆ ಆ ಅಣ್ಣ ಬೈಲಿಲ್ಲ. ಬೈದಿದ್ರೆ ಸಮಾಧಾನ ಆಗ್ತಿತ್ತು.

ಹಾಗಾಗಿ ಈಗ ಪ್ರತಿ ಹಾಡನ್ನೂ ಮೊದಲು ಮೋನೋದಲ್ಲಿ ಸರಿ ಮಾಡಿ ಆಮೇಲೆ ಎಡಬಲ ಹಂಚುವುದು. ಕ್ರಾಸ್‌ಫೀಡ್ ಅಂತ ಒಂದು ಪ್ಲಗಿನ್ (ಮಿಕ್ಸಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಉಂಟು, ಎಡದ ಸ್ಪೀಕರಿನ ಸ್ವರ ಬಲ ಕಿವಿಗೂ ಸ್ವಲ್ಪ ತಗ್ಗಿ, ಸ್ವಲ್ಪ ತಡವಾಗಿ (ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ) ಮುಟ್ತದಲ್ಲ, ಅದನ್ನು ಹೆಡ್‌ಫೋನ್ ಒಳಗೆ ನಕಲು ಮಾಡ್ತದೆ. ಇದಿಲ್ಲದಿದ್ರೆ ಭಾಗವತರ ಸ್ವರ ತಲೆಯ ನಟ್ಟನಡುವೆ ಕೂತ ಹಾಗೆ ಆಗಿ, ಸಾಕಷ್ಟು ಉಂಟು ಅಂತ ನಾವು ತಗ್ಗಿಸಿಬಿಡುವುದು, ಆಮೇಲೆ ಕಾರಲ್ಲಿ ಚೆಂಡೆ ಮಾತ್ರ ಕೇಳುವುದು.

ಬಾಸ್‌ಗೆ ಎರಡು ಹೆಡ್‌ಫೋನ್. ಮುಖ್ಯ ಕೆಲಸ ಸೆನ್‌ಹೈಸರ್ ಎಚ್‌ಡಿ 600ರಲ್ಲಿ, ಓಪನ್ ಬ್ಯಾಕ್, ಅಂದ್ರೆ ಹಿಂಬದಿ ತೆರೆದದ್ದು, ಕಿವಿಗೆ ಹಾಯಾಗಿರ್ತದೆ, ಆದ್ರೆ ತೀರಾ ಕೆಳಗಿನ ಬಾಸ್ ಅದರಲ್ಲಿ ಕಡಿಮೆ. ಕಡಿಮೆ ಕೇಳ್ತದೆ ಅಂತ ಏರಿಸಿದ್ರೆ ನಿಮ್ಮ ಜಾತ್ರೆಯ ಸೌಂಡ್ ಬಾಕ್ಸಲ್ಲಿ ಎದೆ ನಡುಗ್ತದೆ. ಅದಕ್ಕೆ ಕ್ಲೋಸ್ಡ್ ಇರುವ ಸೋನಿ ಎಂಡಿಆರ್ 7506 ಹಾಕಿ ಇನ್ನೊಮ್ಮೆ ನೋಡುವುದು, ಮತ್ತೆ ನಮಗೆ ಬಾಯಿಪಾಠ ಇರುವ ಎರಡು ಹಳೇ ರೆಕಾರ್ಡಿಂಗ್ ಪಕ್ಕದಲ್ಲಿ ಅದೇ ಲೆವೆಲ್‌ನಲ್ಲಿಟ್ಟು ಹೋಲಿಸುವುದು. ವಾಲ್ಯೂಮ್ ನಾಬಿಗೆ ಬಿಳಿ ಟೇಪ್ ಅಂಟಿಸಿ ಗೆರೆ ಹಾಕಿದ್ದೇವೆ, ಅದರಿಂದ ಆಚೆ ತಿರುಗಿಸ್ಲಿಕ್ಕಿಲ್ಲ. ಸೌಂಡ್ ತಗ್ಗಿದ್ರೆ ಕಿವಿಗೆ ಬಾಸ್ ಕಡಿಮೆ ಕೇಳ್ತದೆ, ಏರಿದ್ರೆ ಎಲ್ಲವೂ ಚಂದವೇ ಕೇಳ್ತದೆ. ತಗ್ಗಿದಾಗ ಬಾಸ್ ಕಡಿಮೆ ಕೇಳುವುದನ್ನು ಫ್ಲೆಚರ್, ಮನ್ಸನ್ ಅಂತ ಇಬ್ರು ವಿಜ್ಞಾನಿಗಳು 1933ರಲ್ಲೇ ಅಳೆದು ತೋರ್ಸಿದ್ದಾರೆ.

ನಾಲ್ಕನೇ ದಿನ ಕಿವಿಗೆ ರೆಸ್ಟ್ ಕೊಟ್ಟು, ಬೆಳಿಗ್ಗೆ ಕಾರಲ್ಲಿ, ಫೋನಿನ ಸ್ಪೀಕರಲ್ಲಿ, ಗುರ್ತದವರೊಬ್ರ ಹಾಲ್‌ನಲ್ಲಿರುವ ಸ್ಪೀಕರಲ್ಲಿ ಹಾಕಿ ಕೇಳಿ, ಮತ್ತೆ ನಿಮಗೆ ಕಳ್ಸುವುದು. "ಇವತ್ತೇ ಕೊಡಿ" ಅಂದ್ರೆ ಇನ್ನು ಆಗುದಿಲ್ಲ, ಬೇಜಾರು ಮಾಡ್ಬೇಡಿ.

ನಿಮ್ಮಿಂದ ಬೇಕಾದದ್ದು ಸ್ವಲ್ಪವೇ. ಕರೆಕ್ಷನ್ ಹೇಳುವಾಗ ಯಾವುದರಲ್ಲಿ ಕೇಳಿದ್ದು ಅಂತ ಹೇಳಿ, ಇಯರ್‌ಬಡ್ಸಾ, ಕಾರಾ, ಮಂದಿರದ ಮೈಕ್ ಸೆಟ್ಟಾ. "ಎಂತದೋ ಸರಿಯಿಲ್ಲ" ಅಂದ್ರೆ ನಾವು ಎಲ್ಲಿ ಅಂತ ಹುಡುಕುವುದು? ಮತ್ತೆ ನಾವು ಕಳ್ಸಿದ ಫೈಲನ್ನು ವಾಟ್ಸಾಪಲ್ಲಿ ಬೇರೆಯವರಿಗೆ ದಾಟಿಸುವುದಾದ್ರೆ ಡಾಕ್ಯುಮೆಂಟ್ ಅಂತಲೇ ದಾಟಿಸಿ. ಯೂಟ್ಯೂಬಿಗೆ ಹಾಕುವವರು "ಇನ್ನೂ ಜೋರು ಮಾಡಿ" ಅಂತ ಕೇಳ್ತೀರಲ್ಲ, ಅಲ್ಲಿ ಸೌಂಡ್ ಎಷ್ಟು ಜೋರು ಅಂತ ಅಳೆಯುವ ಲೆಕ್ಕದಲ್ಲಿ -14 ಎಲ್‌ಯುಎಫ್‌ಎಸ್‌ಗಿಂತ ಜೋರಿದ್ರೆ ಅವರೇ ತಗ್ಗಿಸ್ತಾರೆ, ಒತ್ತಿ ಒತ್ತಿ ಜೋರು ಮಾಡಿದ್ರೆ ಚೆಂಡೆಯ ಪೆಟ್ಟು ಸತ್ತುಹೋಗ್ತದೆ ಅಷ್ಟೇ.

ಮೇ ಕೊನೆಯೊಳಗೆ ರೆಕಾರ್ಡಿಂಗ್ ಆದದ್ದೆಲ್ಲ ಹಳೇ ಲೆಕ್ಕದಲ್ಲೇ ಮೂರು ದಿನಕ್ಕೆ ಸಿಗ್ತದೆ. ಅಂದ ಹಾಗೆ ಆ ಭಜನೆಯವರಿಗೆ ಹಾರ್ಮೋನಿಯಂ ಸರಿ ಮಾಡಿ ಫ್ರೀಯಾಗಿ ಕೊಟ್ಟಾಗಿದೆ, ಕೇಬಲನ್ನು ಕತ್ತರಿಸಿ ಬಿಸಾಡಿಯೂ ಆಗಿದೆ.

ನಿಮ್ಮ ಸ್ಟುಡಿಯೋದ ಮೂರು ಜನ
ಮಂಗಳೂರು