ಸೆರೆಸ್ ಕಥೆಯನ್ನೂ ಬರೀರಿ

ಮಾನ್ಯ ಸಂಪಾದಕರೇ,

ಕ್ಷುದ್ರಗ್ರಹ ಅಂದ್ರೆ ಸಾಕು, ಪೇಪರ್ರು ಟೀವಿ ಎಲ್ಲಾ ಕಡೆ ‘ಭೂಮಿಗೆ ಗಂಡಾಂತರ’ ಅಂತಾನೇ ಬರುತ್ತೆ, ಸಾಕಾಗಿದೆ ಸಾರ್. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೋದಲ್ಲಿ ಪಿಯಾಜಿ ಅನ್ನೋ ಪಾದ್ರಿ ಸೆರೆಸ್ ಅನ್ನೋ ಕ್ಷುದ್ರಗ್ರಹ (ಈಗ ಕುಬ್ಜಗ್ರಹ ಅಂತಾರೆ) ಕಂಡುಹಿಡಿದ್ರು, ಒಂದೂವರೆ ತಿಂಗಳೊಳಗೆ ಅದು ಸೂರ್ಯನ ಬೆಳಕಲ್ಲಿ ಮರೆಯಾಗಿ ಮತ್ತೆ ಎಲ್ಲಿ ಹುಡುಕೋದು ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಆಗ 24 ವರ್ಷದ ಗೌಸ್ ಅನ್ನೋ ಹುಡುಗ ಇದ್ದ ಅಷ್ಟಿಷ್ಟು ಅಂಕಿಅಂಶ ಇಟ್ಕೊಂಡೇ ಕಕ್ಷೆ ಲೆಕ್ಕ ಹಾಕ್ದ, ವರ್ಷದ ಕೊನೆಗೆ ಅದು ಅಲ್ಲೇ ಹತ್ರ ಸಿಕ್ತು! ಕಂಪ್ಯೂಟರ್ ಇಲ್ದೆ! ಅವನ ಲೆಕ್ಕದ ದಾರಿ ಕಕ್ಷೆ ಹುಡುಕೋರಿಗೆ ಇವತ್ತಿಗೂ ಬೇಕು.

ನಾಸಾದ ಡಾನ್ ನೌಕೆ 2007ರಲ್ಲಿ ಹೊರಟು ಮೊದ್ಲು ವೆಸ್ಟಾ ಅನ್ನೋ ಇನ್ನೊಂದು ಕ್ಷುದ್ರಗ್ರಹ ಸುತ್ತಿ 2015ರಲ್ಲಿ ಅದೇ ಸೆರೆಸ್‌ಗೆ ಹೋಯ್ತು. ಅದರದ್ದು ಝೆನಾನ್ ಅನಿಲದ ವಿದ್ಯುತ್ ಕಣಗಳನ್ನ ಹಿಂದಕ್ಕೆ ಚಿಮ್ಮಿಸೋ ಅಯಾನ್ ಎಂಜಿನ್, ತಳ್ಳೋ ಬಲ ಕೈಮೇಲಿಟ್ಟ ಕಾಗದದ ತೂಕದಷ್ಟೇ, ಆದ್ರೆ ವರ್ಷಗಟ್ಟಲೆ ತಳ್ತಾನೇ ಇರುತ್ತೆ. ಸೆರೆಸ್ ಮೇಲೆ ಹೊಳೀತಿದ್ದ ಬಿಳಿ ಕಲೆಗಳು ಉಪ್ಪಿನವು ಅಂತ ಗೊತ್ತಾಯ್ತು.

ನಮ್ಮ ಕೊಡಗಲ್ಲಿ ಮಳೆಗಾಲ ಪೂರ್ತಿ ಆಕಾಶಾನೇ ಕಾಣಲ್ಲ ಬಿಡಿ, ಆದ್ರೆ ಕಾಫಿ ಕುಯ್ಯೋ ಟೈಮಲ್ಲಿ ಸೋಮವಾರಪೇಟೆ ಕಡೆ ರಾತ್ರಿ ನಕ್ಷತ್ರ ಚೆನ್ನಾಗಿ ಕಾಣುತ್ತೆ. ಆ ತಿಂಗಳುಗಳಲ್ಲಾದ್ರೂ ರಾಶಿಭವಿಷ್ಯದ ಪಕ್ಕದಲ್ಲೇ ವಾರಕ್ಕೊಂದು ಆಕಾಶದ ನಕ್ಷೆ ಹಾಕಿ.

– ಒಬ್ಬ ಓದುಗ, ಸೋಮವಾರಪೇಟೆ