ಮಾತ್ರೆ ಹೋದರೂ ಅದರ ತುಣುಕು ಹೋಗಲ್ಲ
ಎಲ್ಲರಿಗೂ ನಮಸ್ಕಾರ. 'ಮಾತ್ರೆ ಮೂತ್ರದಲ್ಲಿ ಹೋಗಿಬಿಡುತ್ತೆ, ಮರುದಿನ ಏನೂ ಉಳಿಯಲ್ಲ' ಅಂತ ನಿನ್ನೆ ಬಂದ ಫಾರ್ವರ್ಡ್ ಅರ್ಧ ಮಾತ್ರ ನಿಜ.

ಆಸ್ಪಿರಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು 15–20 ನಿಮಿಷ ಸಾಕು. ಆದರೆ ಹೋಗುವಾಗ ತನ್ನದೊಂದು ತುಣುಕನ್ನು ಕಾಕ್ಸ್-1 ಎಂಬ ಕಿಣ್ವಕ್ಕೆ ಅಂಟಿಸಿ ಹೋಗುತ್ತದೆ. ಬೀಗದೊಳಗೆ ಕೀಲಿ ಮುರಿದು ಸಿಕ್ಕಿಕೊಂಡ ಹಾಗೆ. ಆ ಕಿಣ್ವದ ಕೆಲಸ ಅಲ್ಲಿಗೆ ಮುಗಿಯಿತು. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದರಲ್ಲಿ ಇದರದೇ ದೊಡ್ಡ ಪಾತ್ರ. ಜಠರದ ಕೋಶಗಳು ಹೊಸ ಕಿಣ್ವ ಮಾಡಿಕೊಳ್ಳುತ್ತವೆ. ಆದರೆ ಇದೇ ಕಿಣ್ವವಿರುವ, ರಕ್ತ ಹೆಪ್ಪುಗಟ್ಟಿಸಲು ನೆರವಾಗುವ ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ ನೋಡಿ, ಹೊಸದು ಮಾಡಿಕೊಳ್ಳಲಾಗದು, ಅದು ಸಾಯುವ ತನಕ, ಅಂದರೆ 7–10 ದಿನ, ಹಾಗೇ ಇರಬೇಕು. ಹಲ್ಲು ಕೀಳುವ ಮೊದಲು 'ಆಸ್ಪಿರಿನ್ ತಗೋತೀರಾ?' ಅಂತ ಕೇಳುವುದು ಇದಕ್ಕೇ. ಹಾಗಂತ ಹೃದಯಕ್ಕೆ ಕೊಟ್ಟ ಆಸ್ಪಿರಿನ್ನನ್ನು ನೀವೇ ನಿಲ್ಲಿಸಬೇಡಿ!

ಪ್ಯಾರಾಸಿಟಮಾಲ್ ಕಥೆ ಬೇರೆ. ಅದರ ಸ್ವಲ್ಪ ಪಾಲು ಯಕೃತ್ತಿನಲ್ಲಿ ವಿಷವಾಗುತ್ತದೆ, ಕೋಶದಲ್ಲೇ ಇರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ಹಿಡಿದು ಸಾಗಹಾಕುತ್ತದೆ. ಡೋಸ್ ಮಿತಿಮೀರಿ ಗ್ಲುಟಾಥಯೋನ್ ಬರಿದಾದರೆ ವಿಷ ಕೋಶದ ಪ್ರೋಟೀನು, ಕಿಣ್ವಗಳಿಗೇ ಅಂಟುತ್ತದೆ. ಮೊದಲ ದಿನ ಏನೂ ಅನ್ನಿಸದೇ ಇರಬಹುದು, ನನಗೆ ಭಯ ಅದೇ. ಹೆಚ್ಚು ನುಂಗಿದ್ದು ಗೊತ್ತಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಇದಕ್ಕಿರುವ ಅಸಿಟೈಲ್‌ಸಿಸ್ಟೀನ್ ಔಷಧ 8 ಗಂಟೆಯೊಳಗೆ ಕೊಟ್ಟರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.