ಚರ್ಚಿನ ಬಾಗಿಲಿಗೆ ಸಿಕ್ಕಿಸಿದ ಚೀಟಿ

ಪುಟ್ಟೀ,

ನಾವು ಊರಿಗೆ ಬಂದು ಹದಿನೈದು ದಿನ ಆಯಿತು. ಅಮ್ಮ ಬಂದವರಿಗೆಲ್ಲ ಲಂಡನ್ನಿನ ಫೋಟೋ ತೋರಿಸುತ್ತಿದ್ದಾಳೆ. ನನ್ನ ಕಣ್ಣ ಮುಂದೆ ಮಾತ್ರ ಆ ಟೈನಮ್ ಊರೇ. ಅಲ್ಲಿಂದ ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ ಅಂತ ನಿನಗೆ ಬೇಜಾರಾಗಿತ್ತು, ಅಲ್ವಾ?

ಇಂಗ್ಲೆಂಡಿನ ಡಾರ್ಸೆಟ್‌ನ ಸಮುದ್ರದ ಹತ್ತಿರದ ಆ ಪುಟ್ಟ ಕಣಿವೆಯ ಮನೆಗಳಿಗೆ 1943ರ ನವೆಂಬರ್‌ನಲ್ಲಿ ನೋಟಿಸು ಬಂತು. ಟ್ಯಾಂಕಿನಿಂದ ಗುಂಡು ಹಾರಿಸುವ ತಾಲೀಮಿಗೆ ಸೈನ್ಯಕ್ಕೆ ಜಾಗ ಬೇಕು, ಡಿಸೆಂಬರ್ 19ರೊಳಗೆ ಖಾಲಿ ಮಾಡಿ ಅಂತ. ಸುಮಾರು 225 ಜನ. ಹೆಚ್ಚಿನವರಿಗೆ ಸ್ವಂತ ಮನೆ ಅನ್ನುವುದೂ ಇರಲಿಲ್ಲ. ಬಾಂಡ್ ಮನೆತನದ ಜಮೀನಿನ ಒಕ್ಕಲುಗಳು.

ಹೊರಡುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿ ಸಿಕ್ಕಿಸಿ ಹೋದರು. ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ, ಯುದ್ಧ ಗೆಲ್ಲಲಿ ಅಂತ ತಲೆಮಾರುಗಳಿಂದ ಬಾಳಿದ ಮನೆ ಬಿಟ್ಟಿದ್ದೇವೆ, ಒಂದು ದಿನ ವಾಪಸ್ ಬರುತ್ತೇವೆ ಅಂತ. ಕೊನೆಯಲ್ಲಿ ಥ್ಯಾಂಕ್ಸ್ ಬೇರೆ! ಮನೆಯಿಂದ ಎಬ್ಬಿಸಿದವರಿಗೆ!

ಯುದ್ಧ ಮುಗಿಯಿತು. ಅವರು ಬರಲಿಲ್ಲ, ಬರಲು ಬಿಡಲಿಲ್ಲ. 1948ರಲ್ಲಿ ಸರ್ಕಾರ ಆ ಜಮೀನನ್ನು ಕಡ್ಡಾಯವಾಗಿ ಕೊಂಡುಕೊಂಡಿತು. ಈಗಲೂ ಅಲ್ಲಿ ಗುಂಡು ಹಾರುತ್ತದೆ, ಬಿಡುವಿದ್ದಾಗ, ಜಾಸ್ತಿ ವಾರದ ಕೊನೆಗೆ, ನಮ್ಮಂಥವರಿಗೆ ಗೇಟು ತೆಗೆಯುತ್ತಾರೆ. ಮನೆಗಳಿಗೆ ಸೂರಿಲ್ಲ. ಸೇಂಟ್ ಮೇರಿ ಚರ್ಚು ನೆಟ್ಟಗಿದೆ, ಆದರೆ ಅದೀಗ ಊರಿನ ಕಥೆ ಹೇಳುವ ಮ್ಯೂಸಿಯಂ. ಶಾಲೆಯಲ್ಲಿ ಕೋಟು ನೇತುಹಾಕುವ ಗೂಟಗಳ ಮೇಲೆ ಮಕ್ಕಳ ಹೆಸರು ನೋಡಿದೆಯಲ್ಲ? ನೋಟಿಸಿಗೂ ಮೊದಲೇ, 1932ರಲ್ಲೇ, ಮಕ್ಕಳಿಲ್ಲದೆ ಅದು ಮುಚ್ಚಿತ್ತಂತೆ. ಹಾಗಾಗಿ ಸೈನ್ಯ ಬರದಿದ್ದರೂ ಆ ಊರು ತುಂಬಿ ತುಳುಕುತ್ತಿತ್ತು ಅಂತ ನಾನೇನೂ ಹೇಳುವುದಿಲ್ಲ. ಆದರೆ ಬಿಟ್ಟು ಹೋಗುವುದು ಬೇರೆ, ಬಿಡಿಸುವುದು ಬೇರೆ.

ಚರ್ಚಿನೊಳಗೆ ನಿಂತಾಗ ನನಗೆ ನೆನಪಾದವರು ಅಪ್ಪಯ್ಯ. ಲಿಂಗನಮಕ್ಕಿ ಮುಳುಗಡೆಯಲ್ಲಿ ಮನೆ ಹೋಗುವಾಗ ಹೆಂಚು, ಬಾಗಿಲು, ತೊಲೆ ಎಲ್ಲ ಬಿಚ್ಚಿ ಗಾಡಿಗೆ ಹೇರಿದ್ದರಂತೆ. ನಾನು ಈಗ ಈ ಪತ್ರ ಬರೆಯುತ್ತಾ ಕೂತಿರುವ ಕೋಣೆಗಿರುವುದು ಅದೇ ಬಾಗಿಲು. ಅಗುಳಿ ಸರಿಯಾಗಿ ಕೂರುವುದಿಲ್ಲ, ನೀನು ಯಾವಾಗಲೂ ಬೈಯುತ್ತಿದ್ದೆಯಲ್ಲ, ಅದೇ.

ಮುಂದಿನ ಸಲ ರಜೆಯನ್ನು ಮೇ ತಿಂಗಳಿಗೆ ಹಾಕು. ನೀರು ಚೆನ್ನಾಗಿ ಇಳಿದಿದ್ದರೆ, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿರುವ ಹಳೇ ಮಡೆನೂರು ಅಣೆಕಟ್ಟು ನೀರಿನಿಂದ ಮೇಲೆದ್ದು ಕಾಣುತ್ತದೆ. ಅಲ್ಲಿ ನಿಂತು ನಮ್ಮ ಮನೆ ಇದ್ದ ದಿಕ್ಕು ತೋರಿಸುತ್ತೇನೆ.

ನಿನ್ನ
ಅಪ್ಪ